ಪಿಯಾನೊ ಹೊಟ್ಟೆಯಲ್ಲಿ ಜೀರುಂಡೆ: ಸೌಂಡ್‌ಬೋರ್ಡ್ ಹೋಯಿತಾ?

ನಿಟ್ಟುವಳ್ಳಿ ಟೀಚರ್ – ಭಾನುವಾರ, ರಾತ್ರಿ 9.12

ದಾವಣಗೆರೆ, ಚಿತ್ರದುರ್ಗ ಕಡೆ ಮನೆಯಲ್ಲಿ ಪಿಯಾನೊ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಕೀಬೋರ್ಡ್ ಅಲ್ಲ, ತಂತಿ ಇರುವ ನಿಜವಾದ ಪಿಯಾನೊ.

ನನ್ನದು ಹಳೆಯ ಜಪಾನಿ ಅಪ್‌ರೈಟ್, ಅಂದರೆ ಬೀರು ಹಾಗೆ ನೆಟ್ಟಗೆ ನಿಲ್ಲುವ ಪಿಯಾನೊ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಲಾರಿಯಿಂದ ಇಳಿಸಲು ಆರು ಜನ ಬೇಕಾಯಿತು. ಬೀದಿಯವರೆಲ್ಲ ಬೀರು ಬಂತು ಅಂದುಕೊಂಡಿದ್ದರು. ಮನೆಯಲ್ಲೇ ಹದಿನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ.

ಈ ವರ್ಷ ಶಿವರಾತ್ರಿ ಆದ ಮೇಲೆ ಒಂದು ಕಾಟ ಶುರುವಾಗಿದೆ. ಮಧ್ಯದ ಸಿ ಇಂದ ಕೆಳಗೆ ಬಂದರೆ ಸಿಗುವ ಜಿ ಒತ್ತಿದಾಗ ಜರ್ರ್ ಅಂತ ಸದ್ದು. ಅದರ ಪಕ್ಕದ ಎ ಫ್ಲಾಟ್‌ನಲ್ಲೂ ಸ್ವಲ್ಪ ಇದೆ. ಮೆಲ್ಲಗೆ ನುಡಿಸಿದರೆ ಇಲ್ಲ. ಜೋರಾಗಿ ನುಡಿಸಿದರೆ ಒಳಗೆ ಜೀರುಂಡೆ ಸಿಕ್ಕಿಹಾಕಿಕೊಂಡ ಹಾಗೆ.

ವಿಡಿಯೊ ಮಾಡಿ ಒಬ್ಬ ಟೆಕ್ನಿಷಿಯನ್‌ಗೆ ಕಳಿಸಿದೆ. ಕೇಳಿದವರೇ 'ಸೌಂಡ್‌ಬೋರ್ಡ್ ಕ್ರ್ಯಾಕ್, ಬದಲಾಯಿಸಬೇಕು, ಆ ದುಡ್ಡಿಗೆ ಬೇರೆ ಪಿಯಾನೊ ಬರುತ್ತೆ' ಅಂದರು. ಸೌಂಡ್‌ಬೋರ್ಡ್ ಅಂದರೆ ಬೆನ್ನ ಕಡೆಯ ಮರದ ಹಲಗೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ನಿಜಕ್ಕೂ ಒಂದು ಗೇಣುದ್ದದ ಬಿರುಕು ಇದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ಮಕ್ಕಳ ಗ್ರೇಡ್ ಪರೀಕ್ಷೆಗೆ ಎರಡು ತಿಂಗಳೂ ಇಲ್ಲ. ಇದು ಸತ್ತೇ ಹೋಯಿತಾ?

ಸುಮ್ನೆ ಓದುವವ – ಭಾನುವಾರ, ರಾತ್ರಿ 9.20

ಕೀಬೋರ್ಡ್ ತಗೊಳ್ಳಿ ಮೇಡಂ. ಟ್ಯೂನಿಂಗ್ ಇಲ್ಲ, ಜೀರುಂಡೆ ಇಲ್ಲ, ಆರು ಜನವೂ ಬೇಡ.

ನಿಟ್ಟುವಳ್ಳಿ ಟೀಚರ್ – ಭಾನುವಾರ, ರಾತ್ರಿ 9.23

ಮೊದಲನೇ ಉತ್ತರ ಇದೇ ಬರುತ್ತೆ ಅಂತ ಯಜಮಾನರ ಹತ್ತಿರ ಪಂದ್ಯ ಕಟ್ಟಿದ್ದೆ. ಗೆದ್ದೆ.

ಮಂದ್ರಸ್ಥಾಯಿ – ಭಾನುವಾರ, ರಾತ್ರಿ 10.05

ಟೀಚರ್, ಮೊದಲು ಊಟ ಮಾಡಿ. ನಾನು ಬೆಂಗಳೂರಿನಲ್ಲಿ ಹತ್ತು ವರ್ಷ ಪಿಯಾನೊ ರಿಪೇರಿ ಕೆಲಸ ಮಾಡಿ ಈಗ ದುರ್ಗದಲ್ಲಿ ಬೇರೆ ಕಸುಬು ಹಿಡಿದವನು.

ಬಿರುಕು ಸದ್ದು ಮಾಡುವುದಿಲ್ಲ. ಸಡಿಲ ಸದ್ದು ಮಾಡುತ್ತದೆ. ನೂರು ವರ್ಷದ ಪಿಯಾನೊಗಳಲ್ಲಿ ಮೂರು ನಾಲ್ಕು ಬಿರುಕು ಇದ್ದು ಸೊಗಸಾಗಿ ನುಡಿಯುವವು ಬೇಕಾದಷ್ಟಿವೆ. ಸೌಂಡ್‌ಬೋರ್ಡ್ ಅಂದರೆ ಸ್ಪ್ರೂಸ್ ಮರದ ದೊಡ್ಡ ಹಲಗೆ. ದಪ್ಪ 8-9 ಮಿಲಿಮೀಟರ್ ಅಷ್ಟೇ. ಅದರ ಬೆನ್ನಿಗೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತಾರೆ, ಅವೇ ರಿಬ್, ಪಕ್ಕೆಲುಬು ಅನ್ನಿ. ಮುಂದುಗಡೆ ಬ್ರಿಡ್ಜ್ ಇರುತ್ತದೆ, ವೀಣೆಯ ಕುದುರೆ ಇದ್ದ ಹಾಗೆ. ತಂತಿಯ ನಡುಕ ಬ್ರಿಡ್ಜ್ ಮೂಲಕ ಹಲಗೆಗೆ ಇಳಿಯುತ್ತದೆ, ಹಲಗೆ ಗಾಳಿಯನ್ನು ಅಲುಗಿಸುತ್ತದೆ. ಬಿರುಕಿನ ಎರಡೂ ಅಂಚನ್ನು ರಿಬ್ ಗಟ್ಟಿಯಾಗಿ ಹಿಡಿದಿದ್ದರೆ ಏನೂ ಆಗಲ್ಲ. ರಿಬ್‌ನ ಅಂಟು ಬಿಟ್ಟು ಹಲಗೆಗೂ ಪಟ್ಟಿಗೂ ಕೂದಲೆಳೆ ಸಂದು ಬಂದರೆ, ಅಲ್ಲಿ ಎರಡೂ ತಟತಟ ಬಡಿದುಕೊಳ್ಳುತ್ತವೆ. ಅದೇ ಜರ್ರ್.

ಆದರೆ ರಿಬ್ ಅಂತ ಈಗಲೇ ತೀರ್ಮಾನ ಮಾಡಬೇಡಿ. ನಾನು ಹೋದ ಕಡೆ, 'ಸೌಂಡ್‌ಬೋರ್ಡ್ ಹೋಗಿದೆ' ಅಂತ ಕರೆದವರ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಸದ್ದು ಬೇರೆಲ್ಲಿಂದಲೋ ಬರುತ್ತಿತ್ತು. ಒಬ್ಬರ ಮನೆಯಲ್ಲಿ ಪಿಯಾನೊ ಮೇಲಿದ್ದ ಗಣೇಶನ ಬೆಳ್ಳಿ ಛತ್ರಿ.

ನಾಳೆ ಒಬ್ಬ ಹುಡುಗನನ್ನು ಕೂರಿಸಿ, ಅದೇ ಜಿ ಒಂದೇ ಸಮ ಜೋರಾಗಿ ಒತ್ತುತ್ತಿರಲಿ. ನೀವು ಎದ್ದು ಕೋಣೆಯಲ್ಲಿರುವ ಒಂದೊಂದನ್ನೇ ಮುಟ್ಟುತ್ತಾ ಹೋಗಿ. ಕಿಟಕಿ ಗಾಜು, ಫೋಟೊ, ಟ್ಯೂಬ್‌ಲೈಟ್ ಪಟ್ಟಿ. ಆಮೇಲೆ ಪಿಯಾನೊ ಮುಚ್ಚಳ, ಮುಚ್ಚಳದ ಹಿಂಜು, ಪುಸ್ತಕ ಇಡುವ ಪಟ್ಟಿ, ಬೀಗದ ತಗಡು, ಕೆಳಗಿನ ಹಲಗೆ. ಯಾವುದನ್ನು ಒತ್ತಿ ಹಿಡಿದಾಗ ಸದ್ದು ನಿಲ್ಲುತ್ತೋ ಅದೇ ಕಳ್ಳ.

ಕೋಟೆ ಕಲ್ಲು – ಭಾನುವಾರ, ರಾತ್ರಿ 10.31

ಇದು ಅಕ್ಷರಶಃ ನಿಜ. ನಮ್ಮ ಮಗಳ ಪಿಯಾನೊ ಇದೇ ರೀತಿ ಗೋಳು ಹೊಯ್ದುಕೊಂಡಿತ್ತು. ಮೂರು ವಾರ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಅಟ್ಟದ ಮೇಲೆ! ಸ್ಟೀಲ್ ಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ, ಅದರ ಮುಚ್ಚಳ ಸಡಿಲ. ಗೋಡೆಯ ಆಚೆ ಪಿಯಾನೊ, ಈಚೆ ಡಬ್ಬಿ. ಅವಳು ಡಿ ಒತ್ತಿದರೆ ಅವಲಕ್ಕಿ ಡಬ್ಬಿ ತಾಳ ಹಾಕುತ್ತಿತ್ತು.

ಹರಿಹರ ಎಕ್ಸ್‌ಪ್ರೆಸ್ – ಸೋಮವಾರ, ಬೆಳಿಗ್ಗೆ 7.02

ಹಾರ್ಮೋನಿಯಂನಲ್ಲೂ ಹೀಗೇ ಆಗುತ್ತೆ. ರೀಡ್ ನಡುವೆ ದೂಳು ಕೂತರೆ ಬರ್ ಅನ್ನುತ್ತೆ. ತೆಳು ಕಾಗದ ಹಾಕಿ ಒಂದು ಸಲ ಎಳೆದರೆ ಸರಿ. ನಿಮ್ಮದರ ರೀಡ್ ಬಿಚ್ಚಿ ನೋಡಿ.

ಮಂದ್ರಸ್ಥಾಯಿ – ಸೋಮವಾರ, ಬೆಳಿಗ್ಗೆ 7.40

ಪಿಯಾನೊದಲ್ಲಿ ರೀಡ್ ಇಲ್ಲ ಸಾರ್. ಅದು ಗಾಳಿ ವಾದ್ಯ ಅಲ್ಲ. ಕೀ ಒತ್ತಿದರೆ ಉಣ್ಣೆ ಸುತ್ತಿದ ಸುತ್ತಿಗೆ ಬಂದು ತಂತಿಗೆ ಬಡಿಯುತ್ತೆ. 88 ಕೀ, ಸುಮಾರು 230 ತಂತಿ.

ಹರಿಹರ ಎಕ್ಸ್‌ಪ್ರೆಸ್ – ಸೋಮವಾರ, ಬೆಳಿಗ್ಗೆ 7.44

230 ತಂತಿನಾ!! ಅಷ್ಟನ್ನೂ ಶ್ರುತಿ ಮಾಡಬೇಕಾ?

ಮಂದ್ರಸ್ಥಾಯಿ – ಸೋಮವಾರ, ಬೆಳಿಗ್ಗೆ 7.45

ಮಾಡಬೇಕು. ಅದಕ್ಕೇ ಬೇರೆ ಕಸುಬು ಹಿಡಿದೆ.

ಬೆಣೆ ಬಡಗಿ – ಸೋಮವಾರ, ಬೆಳಿಗ್ಗೆ 8.15

ಎಲ್ಲ ತಂತಿಯ ಎಳೆತ ಸೇರಿದರೆ 18 ಟನ್ ಮೇಲೆ ಇರುತ್ತೆ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಆ ತೆಳು ಹಲಗೆ ಹೇಗೆ ತಡೆಯುತ್ತೆ?

ಮಂದ್ರಸ್ಥಾಯಿ – ಸೋಮವಾರ, ಬೆಳಿಗ್ಗೆ 8.30

ಹಲಗೆ ತಡೆಯುವುದಲ್ಲ. ಅಷ್ಟು ಭಾರ ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಹಲಗೆಯ ಮೇಲೆ ಬ್ರಿಡ್ಜ್ ಮೂಲಕ ಬೀಳುವುದು ಅದರಲ್ಲಿ ಸಣ್ಣ ಪಾಲು. ಅದನ್ನು ತಡೆಯಲು ಹಲಗೆಗೆ ಸ್ವಲ್ಪ ಉಬ್ಬು ಕೊಟ್ಟಿರುತ್ತಾರೆ, ಹಪ್ಪಳ ಕೊಂಚ ಡೊಂಕಾದ ಹಾಗೆ. ಟೀಚರ್, ಈ ಕಾರಣಕ್ಕೇ ಹೇಳುತ್ತಿದ್ದೇನೆ. ಒಳಗಿನ ಕಬ್ಬಿಣದ ಚೌಕಟ್ಟಿನ ದೊಡ್ಡ ಬೋಲ್ಟ್‌ಗಳನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಯಾರಾದರೂ 'ಬಿಚ್ಚಿ ನೋಡೋಣ' ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ದುಗ್ಗಮ್ಮನ ಭಕ್ತ – ಸೋಮವಾರ, ಮಧ್ಯಾಹ್ನ 1.10

ನಮ್ಮ ಹಲಗೆ ತಮಟೆಗೆ ಮಳೆಗಾಲದಲ್ಲಿ ಸದ್ದು ಕುಂದಿದರೆ ಬೆಂಕಿಗೆ ಹಿಡಿದು ಕಾಯಿಸುತ್ತೇವೆ. ಪಿಯಾನೊಗೂ ಹಾಗೆ ಏನಾದರೂ ಮಾಡಬಹುದಾ? ತಮಾಷೆಗೆ ಕೇಳ್ತಿಲ್ಲ.

ಮಂದ್ರಸ್ಥಾಯಿ – ಸೋಮವಾರ, ಮಧ್ಯಾಹ್ನ 1.38

ಒಳ್ಳೆಯ ಪ್ರಶ್ನೆ. ಚರ್ಮ ತೇವ ಕುಡಿದು ಸಡಿಲ ಆಗುತ್ತೆ, ಕಾಯಿಸಿದರೆ ಬಿಗಿಯುತ್ತೆ. ಮರ ಉಲ್ಟಾ. ತೇವ ಕುಡಿದರೆ ಉಬ್ಬಿ ಒತ್ತಿಕೊಳ್ಳುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಮಾಯವಾಗಿ ಬೇಸಿಗೆಯಲ್ಲಿ ಬರುವ ಸದ್ದು ಈ ಕಾರಣಕ್ಕೇ. ಬೆಂಕಿ ಮಾತ್ರ ಬೇಡ.

ನಿಟ್ಟುವಳ್ಳಿ ಟೀಚರ್ – ಸೋಮವಾರ, ರಾತ್ರಿ 8.50

ವರದಿ ಒಪ್ಪಿಸುತ್ತೇನೆ. ಸಂಜೆ ಪಾಠಕ್ಕೆ ಬಂದ ಒಬ್ಬ ಹುಡುಗನಿಗೆ ಜಿ ಒತ್ತುವ ಕೆಲಸ ಕೊಟ್ಟೆ. ಸ್ಕೇಲ್ ಅಭ್ಯಾಸಕ್ಕಿಂತ ಇದನ್ನೇ ಖುಷಿಯಿಂದ ಮಾಡಿದ. ಕಿಟಕಿ, ಫೋಟೊ, ಗಡಿಯಾರ ಎಲ್ಲ ಮುಟ್ಟಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಧೈರ್ಯ ಮಾಡಿ ಮೊಣಕಾಲ ಹತ್ತಿರದ ಕೆಳಗಿನ ಹಲಗೆ ತೆಗೆದೆ. ಒಂದು ಸ್ಪ್ರಿಂಗ್ ಪಟ್ಟಿ ಒತ್ತಿದರೆ ಬಂದುಬಿಡುತ್ತೆ, ನಾಲ್ಕು ವರ್ಷದಿಂದ ಗೊತ್ತೇ ಇರಲಿಲ್ಲ. ಒಳಗೆ ಒಂದು ಪ್ರಪಂಚವೇ ಇತ್ತು. ಎರಡು ಹೇರ್‌ಪಿನ್, ಮೋಟು ಪೆನ್ಸಿಲ್, ಖಾರ ಮಂಡಕ್ಕಿಯ ಶೇಂಗಾ ಬೀಜ, ಯಾರದೋ ಹಾಲುಹಲ್ಲು!! ಮತ್ತೆ ಒಂದು ರೂಪಾಯಿ ನಾಣ್ಯ. ನಾಣ್ಯ ಹಲಗೆಯ ಕೆಳ ಅಂಚಿಗೆ ಒರಗಿಕೊಂಡು ನಿಂತಿತ್ತು. ಅದನ್ನು ತೆಗೆದ ಮೇಲೆ ಎ ಫ್ಲಾಟ್ ಪೂರ್ತಿ ಸರಿಹೋಯಿತು! ಜಿ ಮಾತ್ರ ಹಾಗೇ ಇದೆ. ಆದರೆ ಮೊದಲಿಗಿಂತ ಕಡಿಮೆ ಅನಿಸುತ್ತೆ, ಅಥವಾ ನನಗೆ ಆಸೆಯಾಗಿ ಹಾಗೆ ಕೇಳುತ್ತಿದೆಯೋ ಏನೋ.

ಕೋಟೆ ಕಲ್ಲು – ಸೋಮವಾರ, ರಾತ್ರಿ 8.58

ಹಾಲುಹಲ್ಲು ಸೂರಿನ ಮೇಲೆ ಎಸೆಯಬೇಕು, ಪಿಯಾನೊ ಒಳಗೆ ಅಲ್ಲ.

ಅಕ್ಕಿ ಮಿಲ್ ಅಳಿಯ – ಸೋಮವಾರ, ರಾತ್ರಿ 9.15

ಶೇಂಗಾ ಸಿಕ್ಕಿತು ಅಂದರೆ ಇಲಿ ಬರುವುದಕ್ಕೆ ಜಾಸ್ತಿ ದಿನ ಇಲ್ಲ. ಉಣ್ಣೆ ಸಿಕ್ಕರೆ ಕಿತ್ತು ಗೂಡು ಮಾಡುತ್ತೆ. ನಮ್ಮ ಅತ್ತೆ ಮನೆಯ ಹಳೇ ಪಿಯಾನೊ ಹಾಗೇ ಹೋಯಿತು. ಪಾಠದ ಕೋಣೆಗೆ ಮಂಡಕ್ಕಿ ತರಬಾರದು ಅಂತ ಬೋರ್ಡ್ ಹಾಕಿ.

ಸುಮ್ನೆ ಓದುವವ – ಸೋಮವಾರ, ರಾತ್ರಿ 9.17

ದಾವಣಗೆರೆಯಲ್ಲಿ ಮಂಡಕ್ಕಿ ನಿಷೇಧವಾ? ಮಕ್ಕಳೇ ಬರಲ್ಲ.

ಮಂದ್ರಸ್ಥಾಯಿ – ಸೋಮವಾರ, ರಾತ್ರಿ 9.40

ತುಂಬಾ ಒಳ್ಳೆಯ ಸುದ್ದಿ. ಒಂದು ಕಳ್ಳ ಸಿಕ್ಕ. ಇಬ್ಬರು ಇರುವುದು ಮಾಮೂಲು.

ಈಗ ಜಿ ಒಂದನ್ನೇ ಹಿಡಿಯೋಣ. ಮೇಲಿನ ಪ್ಯಾನೆಲ್ ತೆಗೆಯಿರಿ. ಜಿ ಕೀಯನ್ನು ನಿಧಾನಕ್ಕೆ, ಸದ್ದು ಬರದ ಹಾಗೆ ಒತ್ತಿ ಹಿಡಿಯಿರಿ. ಆಗ ಡ್ಯಾಂಪರ್, ಅಂದರೆ ತಂತಿಯ ಸದ್ದು ನಿಲ್ಲಿಸುವ ಉಣ್ಣೆಯ ತುಂಡು, ತಂತಿಯಿಂದ ದೂರ ಸರಿಯುತ್ತದೆ. ಉಗುರಿನಿಂದ ಆ ಸ್ವರದ ತಂತಿ ಮೀಟಿ. ಮೀಟಿದಾಗಲೂ ಜರ್ರ್ ಬಂದರೆ ಸುತ್ತಿಗೆಯ ತಪ್ಪಲ್ಲ, ಕೀಯ ತಪ್ಪಲ್ಲ. ಮೀಟಿದಾಗ ಬರದೆ ಒತ್ತಿದಾಗ ಮಾತ್ರ ಬಂದರೆ ಸುತ್ತಿಗೆಯ ಕಡ್ಡಿ ಅಥವಾ ಅದರ ಅಂಟು ಸಡಿಲವಾಗಿದೆ ಅಂತ ಅನುಮಾನ ಪಡಿ. ಒಂದು ಷರತ್ತು: ಮೀಟುವುದೂ ಗಟ್ಟಿಯಾಗಿರಬೇಕು, ನಿಮ್ಮ ಸದ್ದು ಜೋರಿದ್ದಾಗ ತಾನೇ ಬರುವುದು.

ಜಿ ಗೆ ಎರಡೋ ಮೂರೋ ತಂತಿ ಇರುತ್ತದೆ. ರಬ್ಬರ್ ತುಂಡು ಸಿಕ್ಕಿಸಿ ಒಂದೊಂದನ್ನೇ ಸುಮ್ಮನಾಗಿಸಿ ಕೇಳಿ. ಒಂದು ತಂತಿಯಲ್ಲಿ ಮಾತ್ರ ಇದ್ದರೆ ಅದು ತಂತಿಯ ರೋಗ. ಎಲ್ಲದರಲ್ಲೂ ಇದ್ದರೆ ದೇಹದ ರೋಗ.

ಇನ್ನೊಂದು. ಆ ಜಿ ಅಂದರೆ ಸೆಕೆಂಡಿಗೆ 196 ಕಂಪನ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಬ್ಲೂಟೂತ್ ಸ್ಪೀಕರನ್ನು ಪಿಯಾನೊ ಬೆನ್ನ ಹತ್ತಿರ ಇಟ್ಟು 190 ರಿಂದ 200 ರವರೆಗೆ ಮೆಲ್ಲಗೆ ಏರಿಸಿ. ಯಾರೂ ನುಡಿಸದೆಯೇ ಜೀರುಂಡೆ ಕೂಗಿದರೆ ಹಲಗೆ, ರಿಬ್ ಇಲ್ಲವೇ ಪೆಟ್ಟಿಗೆಯ ಯಾವುದೋ ಭಾಗ.

ತಂಬೂರಿ ತಿಪ್ಪಕ್ಕ – ಮಂಗಳವಾರ, ಬೆಳಿಗ್ಗೆ 6.30

ನನಗೆ ನಗು ಬರುತ್ತಿದೆ. ನಾವು ತಂಬೂರಿಯಲ್ಲಿ ಆ ಜರ್ರ್ ಬರಲಿ ಅಂತಲೇ ಕುದುರೆಗೂ ತಂತಿಗೂ ನಡುವೆ ದಾರ ಸಿಕ್ಕಿಸುತ್ತೇವೆ. ಅದಕ್ಕೆ ಜೀವಾಳ ಅಂತ ಹೆಸರು. ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಝೇಂಕಾರ ಅರಳಿತು ಅನ್ನುವ ಜಾಗ ಹುಡುಕಲು ಅರ್ಧ ಗಂಟೆ ಹೋಗುತ್ತೆ. ನೀವು ಅದೇ ಸದ್ದನ್ನು ಓಡಿಸಲು ನಿದ್ದೆಗೆಟ್ಟಿದ್ದೀರಿ.

ಹರಿಹರ ಎಕ್ಸ್‌ಪ್ರೆಸ್ – ಮಂಗಳವಾರ, ಬೆಳಿಗ್ಗೆ 7.10

ಹಿಂದೂಸ್ತಾನಿಯವರು ಅದಕ್ಕೆ ಜವಾರಿ ಅನ್ನುತ್ತಾರೆ. ಟೀಚರ್ ಮನೆಯದು ಜವಾರಿ ಪಿಯಾನೊ ಆಗಿದೆ ಅಷ್ಟೇ. ಕೋಳಿ ಜವಾರಿ ಆದರೆ ರೇಟು ಜಾಸ್ತಿ, ಪಿಯಾನೊ ಆದರೆ ಗುಜರಿ.

ಗಟ್ಟಿ ಮಾತು – ಮಂಗಳವಾರ, ಬೆಳಿಗ್ಗೆ 9.05

ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ಪಿಯಾನೊ ನಮ್ಮ ವಾದ್ಯವೇ ಅಲ್ಲ. ಚಳಿ ದೇಶದ ಮರ ತಂದು 40 ಡಿಗ್ರಿ ಬಿಸಿಲಿನ ಊರಲ್ಲಿ ಇಟ್ಟರೆ ಇನ್ನೇನಾಗುತ್ತೆ? ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಾಟಕ ಕಂಡ ಊರು ಇದು. ಹಾರ್ಮೋನಿಯಂ, ತಬಲಾ ಇದ್ದರೆ ಸಾಕಿತ್ತು.

ತಂಬೂರಿ ತಿಪ್ಪಕ್ಕ – ಮಂಗಳವಾರ, ಬೆಳಿಗ್ಗೆ 9.30

ಹಾರ್ಮೋನಿಯಂ ಎಲ್ಲಿಂದ ಬಂತು ಅಂತ ಗೊತ್ತಾ ತಮಗೆ? ಅದೂ ಯೂರೋಪಿನದೇ. ಪಿಟೀಲು ಕೂಡ. ಅದನ್ನೇ ಎತ್ತಿಕೊಂಡು ಚೌಡಯ್ಯನವರು ಏಳು ತಂತಿ ಕಟ್ಟಲಿಲ್ಲವೇ? ಇನ್ನು ಪಿಯಾನೊ ವಿಷಯ. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ನುಡಿಸುತ್ತಿದ್ದರು. ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರ ಇಂಗ್ಲೆಂಡಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತದ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟಿದ್ದು ಇವರೇ. ಆತ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 'ನಮ್ಮದಲ್ಲ' ಅನ್ನುವ ಮುಂಚೆ ಸ್ವಲ್ಪ ನೋಡಿಕೊಳ್ಳಿ.

ಗಟ್ಟಿ ಮಾತು – ಮಂಗಳವಾರ, ಬೆಳಿಗ್ಗೆ 9.41

ಮಹಾರಾಜರ ಮನೆಯಲ್ಲಿ ರಿಪೇರಿಗೆ ಆಳುಗಳಿದ್ದರು. ನಿಟ್ಟುವಳ್ಳಿಯಲ್ಲಿ ಯಾರಿದ್ದಾರೆ? ನನ್ನ ಪ್ರಶ್ನೆ ಅದು. ಆದರೂ ಮೆಟ್ನರ್ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ.

ನಿಟ್ಟುವಳ್ಳಿ ಟೀಚರ್ – ಮಂಗಳವಾರ, ರಾತ್ರಿ 9.30

ಮಂದ್ರಸ್ಥಾಯಿಯವರೇ, ನೀವು ಹೇಳಿದ ಹಾಗೇ ಮಾಡಿದೆ. ಮೀಟಿದರೂ ಜರ್ರ್. ಮೂರು ತಂತಿಯಲ್ಲೂ ಜರ್ರ್. ಆ್ಯಪ್ ಹಾಕಿ 196ಕ್ಕೆ ತಂದರೆ ತಾನೇ ಕೂಗುತ್ತೆ, 190ಕ್ಕೆ ಇಳಿಸಿದರೆ ಸುಮ್ಮನಾಗುತ್ತೆ! ಕೂದಲು ನಿಮಿರಿತು.

ಯಜಮಾನರು, ಮೈದುನ ಸೇರಿ ಪಿಯಾನೊವನ್ನು ಗೋಡೆಯಿಂದ ಎರಡಡಿ ಎಳೆದರು. ಟೋನ್ ಹಾಕಿಟ್ಟು ಹಿಂದಿನಿಂದ ಒಂದೊಂದೇ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಬಿರುಕಿನ ಹತ್ತಿರ ಏನೂ ಬದಲಾಗಲಿಲ್ಲ! ಬಿರುಕಿನಿಂದ ಒಂದೂವರೆ ಗೇಣು ಆಚೆ, ಮೇಲಿನಿಂದ ಐದನೇ ಪಟ್ಟಿ ಒತ್ತಿದ ತಕ್ಷಣ ಸದ್ದು ನಿಂತಿತು. ಬಿಟ್ಟರೆ ಶುರು. ಬೆರಳ ಗೆಣ್ಣಿನಿಂದ ತಟ್ಟಿದರೆ ಬೇರೆ ಪಟ್ಟಿಗಳು ಟಣ್ ಅನ್ನುತ್ತವೆ. ಇದು ಸಂತೆಯ ಒಡಕು ಮಡಕೆ ಹಾಗೆ ಬೊದ್ ಅನ್ನುತ್ತೆ. ವಿಸಿಟಿಂಗ್ ಕಾರ್ಡ್ ತೂರಿಸಿದೆ. ನಾಲ್ಕು ಬೆರಳು ಉದ್ದ ಸಲೀಸಾಗಿ ಹೋಯಿತು.

ಮಂದ್ರಸ್ಥಾಯಿ – ಮಂಗಳವಾರ, ರಾತ್ರಿ 9.48

ಸಿಕ್ಕ. ಬಿರುಕು ನಿರಪರಾಧಿ, ಫೋನಲ್ಲಿ ಕೇಳಿ ಅದಕ್ಕೆ ಗಲ್ಲು ಶಿಕ್ಷೆ ಕೊಟ್ಟುಬಿಟ್ಟಿದ್ದರು. ನಾಲ್ಕು ಬೆರಳಿನ ರಿಬ್ ಬಿಟ್ಟಿರುವುದು ಒಂದು ದಿನದ ಕೆಲಸ.

ಈಗ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಕೂಲರ್ ಇಡುತ್ತೀರಾ?

ನಿಟ್ಟುವಳ್ಳಿ ಟೀಚರ್ – ಮಂಗಳವಾರ, ರಾತ್ರಿ 9.50

ನಿಮಗೆ ಹೇಗೆ ಗೊತ್ತಾಯಿತು? ಪಿಯಾನೊ ಪಕ್ಕದಲ್ಲೇ ಇದೆ. ನೀರಿನ ಕೂಲರ್. ಪಾಠ ಇದ್ದಾಗ ಮಾತ್ರ ಹಾಕುತ್ತೇನೆ.

ಮಂದ್ರಸ್ಥಾಯಿ – ಮಂಗಳವಾರ, ರಾತ್ರಿ 10.10

ಅದೇ ನೋಡಿ. ನಮ್ಮ ಕಡೆ ಫೆಬ್ರವರಿಯಿಂದ ಮೇ ವರೆಗೆ ಗಾಳಿ ಕಡ್ಡಿಯ ಹಾಗೆ ಒಣಗಿರುತ್ತೆ. ದುರ್ಗದಲ್ಲಂತೂ ಕಲ್ಲುಬಂಡೆಗಳ ಕಾವು ಬೇರೆ. ಸಂಜೆ ಎರಡು ಗಂಟೆ ಕೂಲರ್ ಹಾಕಿದರೆ ಒದ್ದೆ ಗಾಳಿ ನೇರ ಹಲಗೆಗೆ. ಮರ ಕುಡಿಯುತ್ತೆ, ಉಬ್ಬುತ್ತೆ. ಕೂಲರ್ ಆರಿಸಿದಿರಿ, ಬೆಳಿಗ್ಗೆಗೆ ಮತ್ತೆ ಒಣಗಿತು. ಹಲಗೆಯ ನಾರು ಒಂದು ದಿಕ್ಕು, ರಿಬ್‌ನ ನಾರು ಅಡ್ಡ ದಿಕ್ಕು. ಹಲಗೆ ಅಗಲಕ್ಕೆ ಹಿಗ್ಗುತ್ತೆ, ರಿಬ್ ಉದ್ದಕ್ಕೆ ಹಿಗ್ಗುವುದೇ ಇಲ್ಲ. ನಡುವಿನ ಅಂಟು ದಿನವೂ ಜಗ್ಗಾಡುತ್ತೆ. ಒಂದು ದಿನ ಕೈ ಬಿಡುತ್ತೆ.

ಪಿಯಾನೊಗೆ ಬೇಕಾಗಿರುವುದು ಗಾಳಿಯಲ್ಲಿ 40 ರಿಂದ 50 ಶೇಕಡಾ ತೇವ. ಅದಕ್ಕಿಂತ ಮುಖ್ಯ, ಅದು ಏರಿಳಿಯಬಾರದು. ತೇವ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಒಂದು ತಂದು ಪಿಯಾನೊ ಮೇಲಿಡಿ. ಕೂಲರನ್ನು ಕೋಣೆಯ ಆಚೆ ತುದಿಗೆ ಸಾಗಿಸಿ, ಮುಖ ಬೇರೆ ಕಡೆ ತಿರುಗಿಸಿ.

ಅಕ್ಕಿ ಮಿಲ್ ಅಳಿಯ – ಮಂಗಳವಾರ, ರಾತ್ರಿ 10.22

ಪಿಯಾನೊ ಒಳಗೆ ಲೋಟದಲ್ಲಿ ನೀರು ಇಟ್ಟರೆ ತೇವ ಸಿಗುತ್ತೆ ಅಂತ ಕೇಳಿದ್ದೆ.

ಮಂದ್ರಸ್ಥಾಯಿ – ಮಂಗಳವಾರ, ರಾತ್ರಿ 10.25

ಲೋಟ ಉರುಳುತ್ತೆ ಅಂತಲೂ ಕೇಳಿಕೊಳ್ಳಿ.

ಗ್ರೇ ಮಾರ್ಕೆಟ್ ಗೋವಿಂದ – ಬುಧವಾರ, ಬೆಳಿಗ್ಗೆ 8.00

ಎಲ್ಲರೂ ಕೂಲರ್‌ಗೆ ಬೈಯುತ್ತಿದ್ದೀರಿ. ಮಾರಿದವರನ್ನು ಯಾಕೆ ಕೇಳುತ್ತಿಲ್ಲ? ಜಪಾನಿನ ತೇವದ ಹವೆಗೆ ಮಾಡಿದ ಪಿಯಾನೊ ನಮ್ಮ ಒಣ ಊರಿಗೆ ತಂದು ಮಾರುವುದೇ ತಪ್ಪು. ನನ್ನ ವಾದ ಇಷ್ಟೇ, ಹಳೆಯದು ಕೊಳ್ಳಲೇಬಾರದು.

ಮಂದ್ರಸ್ಥಾಯಿ – ಬುಧವಾರ, ಬೆಳಿಗ್ಗೆ 8.45

ಈ ಜಗಳ ಲೋಕದ ಎಲ್ಲ ಪಿಯಾನೊದವರ ನಡುವೆಯೂ ಇದೆ, ಇಲ್ಲಿ ಮುಗಿಯಲ್ಲ. ನಾನು ನೋಡಿದ ಮಟ್ಟಿಗೆ ಹೊಸ ಪಿಯಾನೊ ಕೂಡ ಕೂಲರ್ ಪಕ್ಕ ಇಟ್ಟರೆ ಇದೇ ಗತಿ. ಕೊಳ್ಳುವ ಮುಂಚೆ ಬೆನ್ನ ಕಡೆ ಹೋಗಿ ಪಟ್ಟಿಗಳನ್ನು ತಟ್ಟಿ ನೋಡಬೇಕು, ಅದು ನಿಜ. ಮಡಕೆ ಕೊಳ್ಳುವಾಗ ತಟ್ಟುತ್ತೇವೆ, ಲಕ್ಷ ಕೊಟ್ಟು ಪಿಯಾನೊ ಕೊಳ್ಳುವಾಗ ಪಾಲಿಶ್ ಮಾತ್ರ ನೋಡುತ್ತೇವೆ.

ಬೆಣೆ ಬಡಗಿ – ಬುಧವಾರ, ಬೆಳಿಗ್ಗೆ 9.20

ಈಗ ನನ್ನ ಸರದಿ. ನಾನು ಮೂರು ತಲೆಮಾರಿನ ಬಡಗಿ ಮನೆಯವನು, ಪಿಯಾನೊ ಮುಟ್ಟಿಲ್ಲ. ಆದರೆ ಬಿಟ್ಟ ಪಟ್ಟಿ ಅಂಟಿಸುವುದು ಗೊತ್ತು. ಬಿಳಿ ಅಂಟು ಹಾಕಿ ಎರಡು ಮೊಳೆ ಹೊಡೆದರೆ ಆಯಿತಲ್ಲ?

ಮಂದ್ರಸ್ಥಾಯಿ – ಬುಧವಾರ, ಬೆಳಿಗ್ಗೆ 9.31

ಮೊಳೆ ಹೊಡೆದರೆ ನಾನೇ ದುರ್ಗದಿಂದ ಬಂದು ನಿಮ್ಮ ಕೈ ಹಿಡಿಯುತ್ತೇನೆ. ಆ ಹಲಗೆ 8 ಮಿಲಿಮೀಟರ್. ಮೊಳೆ ಇನ್ನೊಂದು ಜೀರುಂಡೆ ಆಗುತ್ತೆ.

ಬೆಣೆ ಬಡಗಿ – ಬುಧವಾರ, ಬೆಳಿಗ್ಗೆ 9.36

ಸರಿ ಬಿಡಿ. ನಮ್ಮ ತಾತ ಇದ್ದಿದ್ದರೆ ಮರವಜ್ರ ಕಾಯಿಸಿ ಹಾಕುತ್ತಿದ್ದರು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಮಂದ್ರಸ್ಥಾಯಿ – ಬುಧವಾರ, ಬೆಳಿಗ್ಗೆ 9.58

ನಿಮ್ಮ ತಾತ ಸರಿ! ಹಳೆಯ ಪಿಯಾನೊಗಳನ್ನೆಲ್ಲ ಕಟ್ಟಿದ್ದೇ ಪ್ರಾಣಿ ಚರ್ಮದ ಆ ಅಂಟಿನಿಂದ. ಗಟ್ಟಿಯಾದ ಮೇಲೆ ಗಾಜಿನಂತೆ ಕೂರುತ್ತೆ. ಮುಂದೆ ಯಾವಾಗಲಾದರೂ ಬಿಚ್ಚಬೇಕಾದರೆ ಬಿಸಿ, ತೇವ ಕೊಟ್ಟರೆ ಬಿಡುತ್ತೆ. ಆದರೆ ಬಿಸಿ ಇರುವಾಗಲೇ ಬೇಗ ಹಾಕಬೇಕು, ಕೂದಲೆಳೆ ಸಂದಿನೊಳಗೆ ತೂರಿಸುವಷ್ಟರಲ್ಲಿ ತಣ್ಣಗಾಗಿ ಹೆಪ್ಪುಗಟ್ಟುತ್ತೆ. ಈ ಕೆಲಸಕ್ಕೆ ಬಡಗಿಗಳು ಬಳಸುವ ಒಳ್ಳೆಯ ಬಿಳಿ ಅಂಟು ಸಾಕು, ಸ್ವಲ್ಪ ನೀರು ಬೆರೆಸಿದರೆ ಒಳಗೆ ಇಳಿಯುತ್ತೆ.

ಇನ್‌ಸ್ಟಂಟ್ ಈರಣ್ಣ – ಬುಧವಾರ, ಬೆಳಿಗ್ಗೆ 10.15

ನೀರಿನಂತಹ ತೆಳು ಸೂಪರ್ ಗ್ಲೂ ಬಿಟ್ಟರೆ ತಾನೇ ಹೀರಿಕೊಂಡು ಹೋಗುತ್ತಲ್ಲ. ಐದು ನಿಮಿಷ. ಗಿಟಾರಿಗೆ ನಾನು ಅದನ್ನೇ ಹಾಕಿದ್ದು.

ಮಂದ್ರಸ್ಥಾಯಿ – ಬುಧವಾರ, ಬೆಳಿಗ್ಗೆ 10.40

ಹಾಕುವವರು ಇದ್ದಾರೆ, ಕೆಲಸವೂ ಆಗುತ್ತೆ. ಆದರೆ ಬೇಕಾದ ಜಾಗ ಬಿಟ್ಟು ಬೇರೆ ಕಡೆ ಹರಿದರೆ ವಾಪಸ್ ತೆಗೆಯಲು ಆಗಲ್ಲ. ಹೊಗೆ ಕಣ್ಣಿಗೆ ಹೊಡೆಯುತ್ತೆ. ಸಂದು ಪೂರ್ತಿ ಒತ್ತಿ ಮುಚ್ಚದೆ ಬಿಟ್ಟರೆ ಹಿಡಿಯುವುದೂ ಇಲ್ಲ. ಮೊದಲನೇ ಸಲ ಮಾಡುವವರಿಗೆ ನಾನು ಹೇಳಲ್ಲ.

ಟೀಚರ್, ಭಾನುವಾರ ನನಗೆ ದಾವಣಗೆರೆಯಲ್ಲಿ ಮದುವೆ ಇದೆ. ಊಟ ಮುಗಿಸಿ ಬರಲಾ? ಬೆಣೆ ಬಡಗಿಯವರೂ ಬಂದರೆ ಚೆನ್ನಾಗಿರುತ್ತೆ. ಗಟ್ಟಿ ಮರದ ತೆಳ್ಳನೆ ಬೆಣೆ ನಾಲ್ಕು ಬೇಕು.

ಬೆಣೆ ಬಡಗಿ – ಬುಧವಾರ, ಬೆಳಿಗ್ಗೆ 10.44

ಹೆಸರೇ ಬೆಣೆ ಅಂತ ಇಟ್ಟುಕೊಂಡು ಇಲ್ಲ ಅನ್ನೋಕೆ ಆಗುತ್ತಾ? ತೇಗದಲ್ಲಿ ಮಾಡಿ ತರುತ್ತೇನೆ.

ಸುಮ್ನೆ ಓದುವವ – ಶನಿವಾರ, ರಾತ್ರಿ 11.00

ನಾಳೆ ಆಪರೇಷನ್ ಅಲ್ವಾ? ಸುಮ್ನೆ ಕೇಳಿದೆ.

ನಿಟ್ಟುವಳ್ಳಿ ಟೀಚರ್ – ಭಾನುವಾರ, ರಾತ್ರಿ 10.20

ಇಬ್ಬರೂ ಬಂದಿದ್ದರು. ಮೂರೂವರೆಗೆ ಶುರು, ಐದೂವರೆಗೆ ಮುಗಿಯಿತು. ಅದರಲ್ಲಿ ಅರ್ಧ ಗಂಟೆ ಮಂದ್ರಸ್ಥಾಯಿಯವರು ಮದುವೆ ಊಟದ ಹೋಳಿಗೆ ಬಗ್ಗೆ ಮಾತಾಡಿದರು.

ನೋಡಿದ್ದನ್ನು ಬರೆಯುತ್ತೇನೆ, ಬೇರೆಯವರಿಗೆ ಬೇಕಾದೀತು. ಮೊದಲು ಸಂದಿನಲ್ಲಿದ್ದ ದೂಳನ್ನು ಸಣ್ಣ ಬ್ರಷ್ ಮತ್ತು ಊದುವ ರಬ್ಬರ್ ಚೆಂಡಿನಿಂದ ತೆಗೆದರು. ದೂಳಿನ ಮೇಲೆ ಅಂಟು ಹಾಕಿದರೆ ದೂಳಿಗೇ ಅಂಟುತ್ತೆ ಅಂತೆ. ತೆಳು ಸ್ಟೀಲ್ ಬ್ಲೇಡ್‌ನಿಂದ ಸಂದನ್ನು ಸ್ವಲ್ಪವೇ ತೆರೆದು, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಂಟು ಬಿಟ್ಟು, ಬ್ಲೇಡ್ ಒಳಗೂ ಹೊರಗೂ ಆಡಿಸಿದರು. ಇನ್ನೊಂದು ಅಂಚಿನಿಂದ ಅಂಟು ಹೊರಗೆ ಕಾಣುವವರೆಗೆ ಬಿಡಲಿಲ್ಲ. ಆಮೇಲೆ ಬೆಣೆಯ ಕೆಲಸ. ಆ ರಿಬ್ ಹಿಂದಿನ ದಪ್ಪ ಮರದ ಕಂಬದ ಎದುರಿಗೇ ಹಾದುಹೋಗುತ್ತೆ. ಕಂಬಕ್ಕೂ ರಿಬ್‌ಗೂ ನಡುವಿನ ಜಾಗದಲ್ಲಿ ಎರಡು ಬೆಣೆಗಳನ್ನು ಎದುರುಬದುರು ಸೇರಿಸಿ ಬೆರಳಲ್ಲೇ ಒತ್ತಿದರು. ಬಡಗಿಯವರು ಸುತ್ತಿಗೆ ಎತ್ತಿದಾಗ ಮಂದ್ರಸ್ಥಾಯಿಯವರ ಮುಖ ನೋಡಬೇಕಿತ್ತು. ಜಾಸ್ತಿ ಬಿಗಿದರೆ ಹಲಗೆಯೇ ಬಾಗಿ ಶ್ರುತಿ ಕೆಡುತ್ತದಂತೆ. ಸೋರಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. 24 ಗಂಟೆ ಬೆಣೆ ಮುಟ್ಟಬಾರದು, ಪಿಯಾನೊ ನುಡಿಸಬಾರದು.

ಆ ಬಿರುಕನ್ನು ಹಾಗೇ ಬಿಟ್ಟಿದ್ದಾರೆ. 'ಅದು ಅಲ್ಲೇ ಇರಲಿ, ಅದರ ಪಾಡಿಗೆ' ಅಂದರು. ಎರಡು ತುದಿಗೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ತಾರೀಕು ಬರೆದಿದ್ದಾರೆ. ಮುಂದಿನ ವರ್ಷ ಉದ್ದವಾಗಿದೆಯಾ ನೋಡಲು.

ದುಡ್ಡು ತೆಗೆದುಕೊಳ್ಳಲಿಲ್ಲ. ಬೆಣ್ಣೆ ದೋಸೆ ತಿನ್ನಿಸಿ ಕಳಿಸಿದೆ.

ಗಟ್ಟಿ ಮಾತು – ಭಾನುವಾರ, ರಾತ್ರಿ 10.31

ಮದುವೆ ಊಟ ಮಾಡಿ ಬಂದವರಿಗೆ ಬೆಣ್ಣೆ ದೋಸೆನಾ? ಧೈರ್ಯ ಮೆಚ್ಚಿದೆ.

ಮಂದ್ರಸ್ಥಾಯಿ – ಭಾನುವಾರ, ರಾತ್ರಿ 11.05

ಮೂರು ತಿಂದೆ. ಗೊತ್ತಿರಲಿ.

ನಿಟ್ಟುವಳ್ಳಿ ಟೀಚರ್ – ಮಂಗಳವಾರ, ಬೆಳಿಗ್ಗೆ 6.50

ನಿನ್ನೆ ಸಂಜೆ ಬೆಣೆ ತೆಗೆದೆ. ರಾತ್ರಿ ಯಾರೂ ಇಲ್ಲದಾಗ ಜಿ ಒತ್ತಿದೆ. ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಪೆಡಲ್ ಒತ್ತಿ ಎರಡೂ ಕೈಯಲ್ಲಿ. ಏನೂ ಇಲ್ಲ. ಆ್ಯಪ್‌ನಲ್ಲಿ 180 ರಿಂದ 220 ರವರೆಗೆ ಓಡಿಸಿದೆ. ಏನೂ ಇಲ್ಲ. ತಟ್ಟಿದರೆ ಐದನೇ ಪಟ್ಟಿಯೂ ಟಣ್ ಅನ್ನುತ್ತೆ.

ಮೀಟರ್ ಬಂದಿದೆ. ಬೆಳಿಗ್ಗೆ 31 ತೋರಿಸಿತು, ಕೂಲರ್ ಹಾಕಿದ ಮೇಲೆ 68! ಕೂಲರ್ ಈಗ ಹಜಾರಕ್ಕೆ ಹೋಗಿದೆ. ಮಕ್ಕಳು ಗೊಣಗುತ್ತಿದ್ದಾರೆ.

ಮಂದ್ರಸ್ಥಾಯಿ – ಮಂಗಳವಾರ, ಬೆಳಿಗ್ಗೆ 7.15

31 ಇಂದ 68! ಅಂಟು ಇಷ್ಟು ದಿನ ಹಿಡಿದಿದ್ದೇ ಹೆಚ್ಚು. ಎರಡು ವಾರ ಹಾಗೇ ಬಿಡಿ, ಹಲಗೆ ಹೊಸ ಹವೆಗೆ ಹೊಂದಿಕೊಳ್ಳಲಿ. ಆಮೇಲೆ ಟ್ಯೂನಿಂಗ್. ನನ್ನ ಉಪಕರಣ ಮಾರಿಬಿಟ್ಟಿದ್ದೇನೆ, ಬೆಂಗಳೂರಿನ ಹಳೆಯ ಸಹೋದ್ಯೋಗಿ ಒಬ್ಬರು ಬರಲು ಒಪ್ಪಿದ್ದಾರೆ. ಆದರೆ 260 ಕಿಲೋಮೀಟರ್ ಒಂದು ಪಿಯಾನೊಗೆ ಬಂದರೆ ಬಸ್ ಚಾರ್ಜ್, ದಿನದ ಕೂಲಿ ಸೇರಿ ದುಬಾರಿ. ಮೂರು ನಾಲ್ಕು ಮನೆ ಸೇರಿದರೆ ಹಂಚಿಕೊಳ್ಳಬಹುದು.

ಕೋಟೆ ಕಲ್ಲು – ಮಂಗಳವಾರ, ಬೆಳಿಗ್ಗೆ 7.40

ದುರ್ಗದಿಂದ ನಮ್ಮದು ಒಂದು ಬರೆದುಕೊಳ್ಳಿ. ಅವಲಕ್ಕಿ ಡಬ್ಬಿ ಜಾಗ ಬದಲಾಯಿಸಿದ್ದೇವೆ.

ತಂಬೂರಿ ತಿಪ್ಪಕ್ಕ – ಮಂಗಳವಾರ, ಬೆಳಿಗ್ಗೆ 8.05

ನಮ್ಮ ತಂಗಿ ಮನೆಯಲ್ಲಿ ಒಂದಿದೆ, ಪಿ.ಜೆ. ಬಡಾವಣೆ. ಹತ್ತು ವರ್ಷದಿಂದ ಅದರ ಮೇಲೆ ಟಿವಿ ಇಟ್ಟಿದ್ದಾರೆ. ಅದನ್ನೂ ಸೇರಿಸಿ.

ಸುಮ್ನೆ ಓದುವವ – ಮಂಗಳವಾರ, ಬೆಳಿಗ್ಗೆ 8.30

ಹೇಳಬಾರದು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೂ ಒಂದಿದೆ. ಅಪ್ಪ ತಂದಿದ್ದು, ಅವರು ಹೋದ ಮೇಲೆ ಮುಚ್ಚಳ ತೆಗೆದಿಲ್ಲ. ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ.

ಮಂದ್ರಸ್ಥಾಯಿ – ಮಂಗಳವಾರ, ಬೆಳಿಗ್ಗೆ 8.34

ಟ್ಯೂನ್ ಮಾಡುವವರು ಚೀಲ ಒಂದೇ ಹೊತ್ತುಕೊಂಡು ಬರುತ್ತಾರೆ ಮಾರಾಯ, ಪಿಯಾನೊ ಅಲ್ಲ. ನಾಲ್ಕಾಯಿತು. ಹಿಂದಿನಿಂದ ಪಟ್ಟಿ ತಟ್ಟಿ ನೋಡಿ, ಸಂಜೆ ಇಲ್ಲಿ ಬರೆಯಿರಿ.